ಜವಾರಿ ಹತ್ತಿಯ ಪ್ಯಾಡು

ಫೋಮಿನ ಗಾದಿಯ ಮೇಲೆ ನಾನು ಈ ಜನ್ಮದಲ್ಲಿ ಮಲಗಿಲ್ಲ, ಮಲಗುವುದೂ ಇಲ್ಲ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಖಾತುನಬಿಯ ಗಾದಿ ಅಂಗಡಿ ಎಲ್ಲಿ ಎಂದು ಯಾರನ್ನು ಬೇಕಾದರೂ ಕೇಳಿ, ಕಣ್ಣು ಮುಚ್ಚಿಕೊಂಡು ತೋರಿಸುತ್ತಾರೆ. ಆ ಖಾತುನಬಿ ನಾನೇ. ಮೂವತ್ತು ವರ್ಷದಿಂದ ನನ್ನ ಗಂಡ ಮಹಮ್ಮದಸಾಬ ಹತ್ತಿ ಹಿಂಜುತ್ತಾನೆ, ನಾನು ತುಂಬಿ ಹೊಲಿಯುತ್ತೇನೆ. ಇಟಗಿ, ಸವಡಿ, ಅಬ್ಬಿಗೇರಿಯ ಮದುವೆ ಮನೆಗಳಿಗೆ ನಮ್ಮ ಗಾದಿಯೇ ಹೋಗಬೇಕು. ಈಗೀಗ ಕಂಪನಿಯವರು ಟಿವಿಯಲ್ಲಿ ಫೋಮಿನ ಗಾದಿಯ ಮೇಲೆ ಹುಡುಗಿಯೊಬ್ಬಳನ್ನು ಕುಣಿಸಿ ತೋರಿಸುತ್ತಾರೆ. ಗಾದಿ ಇರುವುದು ಮಲಗುವುದಕ್ಕೋ ಕುಣಿಯುವುದಕ್ಕೋ? ಅದನ್ನು ನೋಡಿ ಬಂದು ನನ್ನೆದುರು ಫೋಮಿನ ಹೆಸರೆತ್ತಿದವರಿಗೆ ಚೆನ್ನಾಗಿ ಮಂಗಳಾರತಿ ಮಾಡಿ ಕಳಿಸಿದ್ದೇನೆ. ನಾನು ಸಿಟ್ಟಿನವಳು ಎಂದು ಊರಿಗೆಲ್ಲ ಗೊತ್ತು. ಆದರೂ ಗಾದಿ ನನ್ನ ಹತ್ತಿರವೇ ಮಾಡಿಸುತ್ತಾರೆ.

ನನ್ನ ಕೈಯಿಂದ ಆದ ಕೆಲಸಗಳಲ್ಲೆಲ್ಲ ಒಳ್ಳೆಯದು ಯಾವುದು ಎಂದು ಕೇಳಿದರೆ, ಅದು ಗಾದಿಯಲ್ಲ. ನನ್ನ ಮಗಳು ಸೈರಾಬಾನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದ ಒಂದು ಜೊತೆ ಪ್ಯಾಡು.

ಸೈರಾಗೆ ಈಗ ಹತ್ತೊಂಬತ್ತು. ಹದಿಮೂರು ವರ್ಷದವಳಿದ್ದಾಗ ರೋಣದ ಶಿವನಪ್ಪ ಮಾಸ್ತರು ಅವಳನ್ನು ಚಕ್ರದ ಹಾಕಿಗೆ ಸೇರಿಸಿಕೊಂಡರು. ಕಾಲಿಗೆ ಚಕ್ರದ ಬೂಟು, ಕೈಯಲ್ಲಿ ಕೋಲು, ಚೆಂಡಿನ ಬದಲು ಅಂಗೈಯಗಲದ ಗಟ್ಟಿ ಬಿಲ್ಲೆ. ಅದನ್ನು ಎದುರಿನವರ ಗೋಲಿಗೆ ಹೊಡೆಯಬೇಕು. ಮಾಸ್ತರು ಸಾಲಿಯ ಕೆಲಸದಿಂದ ನಿವೃತ್ತರಾದ ಮೇಲೆ, ಸಾಲಿಯ ಹಿಂದೆ ಸಿಮೆಂಟಿನ ಅಂಗಳ ಹಾಕಿಸಿ, ಸುತ್ತ ಹಲಗೆ ಹೊಡೆಸಿ, ಹಳ್ಳಿಯ ಹುಡುಗಿಯರನ್ನು ಹಿಡಿದು ತಂದು ಆಡಿಸುತ್ತಿದ್ದರು. ಸೈರಾ ಎತ್ತರದವಳು, ಹೆದರಿಕೆ ಎಂಬುದು ಅವಳಿಗೆ ಗೊತ್ತಿಲ್ಲ. ಅದಕ್ಕೇ ಅವಳನ್ನು ಗೋಲಿನಲ್ಲಿ ನಿಲ್ಲಿಸಿದರು. ಮೊದಲ ವಾರ ಮನೆಗೆ ಬಂದಾಗ ಎರಡೂ ಮೊಣಕಾಲಿನ ಕೆಳಗೆ ನೇರಳೆ ಹಣ್ಣಿನ ಬಣ್ಣ ಬಂದಿತ್ತು. ನಾನು ಮರುದಿನವೇ ರೋಣಕ್ಕೆ ಹೋಗಿ ಮಾಸ್ತರರನ್ನು ತರಾಟೆಗೆ ತೆಗೆದುಕೊಂಡೆ.

"ಪ್ಯಾಡ ಇನ್ನೂ ಬಂದಿಲ್ರಿ ಖಾತುನಬಿಯವರ," ಎಂದರು ಮಾಸ್ತರು. "ದಿಲ್ಲಿಂದ ಬರಬೇಕು."

"ದಿಲ್ಲಿಂದ ಬರೂದ್ರಾಗ ನನ್ನ ಮಗಳ ಕಾಲ ಇರ್ತಾವೇನ್ರಿ?" ಎಂದು ಕೇಳಿ, ಅಳತೆ ತೆಗೆದುಕೊಂಡು ಬಂದೆ.

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಜವಾರಿ ಹತ್ತಿ, ಅದೂ ಎರಡು ಸಲ ಹಿಂಜಿಸಿದ್ದು. ಪದರದ ಮೇಲೆ ಪದರ ಹಾಸಿ, ಒತ್ತಿ ಒತ್ತಿ ಕೂರಿಸಿ, ದಪ್ಪ ಕ್ಯಾನ್ವಾಸಿನಲ್ಲಿ ಬೆರಳಗಲಕ್ಕೊಂದು ಟಾಕಿ, ಅಂದರೆ ಗಟ್ಟಿ ಹೊಲಿಗೆ, ಹಾಕಿದೆ. ಡಬ್ಬಣ ದೂಡಿ ಅಂಗೈ ಬೊಬ್ಬೆ ಬಂತು. ಆ ಪ್ಯಾಡಿನಲ್ಲಿ ಎಂಥ ಗುಣವಿತ್ತು ಗೊತ್ತೇ? ಎಷ್ಟು ಜೋರಾಗಿ ಬಂದ ಬಿಲ್ಲೆಯೂ ಅದಕ್ಕೆ ಬಡಿದ ಕೂಡಲೇ ಸತ್ತು ಅವಳ ಕಾಲ ಮುಂದೆಯೇ ಬೀಳುತ್ತಿತ್ತು. ಸೈರಾ ಬಗ್ಗಿ ಅದರ ಮೇಲೆ ಕೈಯಿಟ್ಟರೆ ಮುಗಿಯಿತು. ಅವಳು ಬೆಳೆದ ಹಾಗೆ ನಾನು ಮೂರು ಸಲ ಹೊಸದು ಮಾಡಿಕೊಟ್ಟೆ. ಗದಗ, ಬೆಳಗಾವಿ, ಮೈಸೂರು, ಎಲ್ಲಿ ಹೋದರೂ ಅವಳೇ ಒಳ್ಳೆಯ ಗೋಲ್‌ಕೀಪರ್ ಎನ್ನಿಸಿಕೊಂಡು ಬಂದಳು. ನಾನು ಅಂಗಡಿಗೆ ಬಂದವರಿಗೆಲ್ಲ ಆ ಪ್ಯಾಡಿನ ಕತೆ ಹೇಳಿದ್ದೇ ಹೇಳಿದ್ದು.

ಹೋದ ಜನವರಿಯಲ್ಲಿ ಮಾಸ್ತರು ಫೋನು ಮಾಡಿದರು. ದೇಶದ ಹೆಣ್ಣುಮಕ್ಕಳ ಐಸ್ ಹಾಕಿ ತಂಡಕ್ಕೆ ಹುಡುಗಿಯರನ್ನು ಆರಿಸುತ್ತಿದ್ದಾರೆ. ಚಕ್ರದ ಬದಲು ಬೂಟಿಗೆ ಅಲಗು, ಸಿಮೆಂಟಿನ ಬದಲು ಮಂಜುಗಡ್ಡೆ, ಆಟ ಮಾತ್ರ ಹೆಚ್ಚುಕಡಿಮೆ ಇದೇ. ದಕ್ಷಿಣದ ಕಡೆಯಿಂದ ಒಬ್ಬಳು ಗೋಲ್‌ಕೀಪರ್ ಬೇಕಂತೆ. ಒಬ್ಬಳೇ. ಆಯ್ಕೆ ಮಾಡುವ ಮೇಡಂ ಲಡಾಖಿನಿಂದ ರೋಣಕ್ಕೇ ಬರುತ್ತಾರಂತೆ, ನಮ್ಮ ಮಾಸ್ತರರ ಅಂಗಳದಲ್ಲೇ ಪರೀಕ್ಷೆಯಂತೆ. ಆರಿಸಿದವಳು ಲಡಾಖಿನ ಕ್ಯಾಂಪಿಗೆ ಹೋಗಬೇಕು, ಅಲ್ಲಿ ಎರಡು ತಿಂಗಳು ನಿಂತರೆ ದೇಶದ ಅಂಗಿ. ಮತ್ತೆ ಈ ಕಡೆ ಯಾವಾಗ ಬರುತ್ತಾರೋ ದೇವರೇ ಬಲ್ಲ.

ಸೈರಾ ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ. "ಅವ್ವಾ, ಇದೊಂದ ಆದ್ರ ಸಾಕು, ಬ್ಯಾರೆ ಏನೂ ಕೇಳಂಗಿಲ್ಲ," ಎಂದಳು. ನನ್ನ ಮಗಳು ಹಾಗೆ ಬೇಡಿಕೊಂಡವಳೇ ಅಲ್ಲ. ನನಗೆ ಮಾತ್ರ ಚೂರೂ ಚಿಂತೆಯಿರಲಿಲ್ಲ. ಇವಳನ್ನು ಬಿಟ್ಟು ಯಾರನ್ನು ಆರಿಸುತ್ತಾರೆ?

ಪರೀಕ್ಷೆಯ ದಿನ ಬೆಳಗಿನ ಬಸ್ಸಿಗೆ ಇಬ್ಬರೂ ರೋಣಕ್ಕೆ ಹೋದೆವು. ಆರು ಜನ ಗೋಲ್‌ಕೀಪರ್‌ಗಳು ಬಂದಿದ್ದರು. ನಮ್ಮ ಕಡೆಯವಳೆಂದರೆ ಇನ್ನೊಬ್ಬಳು, ನರಗುಂದದ ಕವಿತಾ. ಒಳ್ಳೆಯ ಹುಡುಗಿ, ಶಾಂತ ಸ್ವಭಾವ. ಅವಳಪ್ಪ ತರಿಸಿಕೊಟ್ಟ ಹೊಳೆಹೊಳೆಯುವ ಫೋಮಿನ ಪ್ಯಾಡು ಕಟ್ಟಿಕೊಂಡು ನಿಂತಿದ್ದಳು. ನಾನು ಅದನ್ನು ನೋಡಿ ಮುಖ ತಿರುಗಿಸಿದೆ.

ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ ಒಬ್ಬೊಬ್ಬರಿಗೆ ಮೂವತ್ತು ಹೊಡೆತ, ಮಧ್ಯಾಹ್ನ ಮತ್ತೆ ಮೂವತ್ತು. ಹೊಡೆಯುವವರು ಇಬ್ಬರಿಬ್ಬರು ಬರುತ್ತಾರೆ. ಬಿಲ್ಲೆ ತಿರುಗಿ ಬಂದರೆ ಮತ್ತೆ ಹೊಡೆಯಬಹುದು. ಬೆಳಿಗ್ಗೆ ಕವಿತಾ ನಾಲ್ಕು ಗೋಲು ಬಿಟ್ಟಳು. ಉಳಿದವರು ಆರು, ಏಳು, ಒಬ್ಬಳಂತೂ ಹನ್ನೊಂದು. ನನ್ನ ಸೈರಾ ಎಷ್ಟು ಬಿಟ್ಟಳು? ಒಂದು. ಅದೂ ಕಣ್ಣಿಗೆ ಬಿಸಿಲು ಬಡಿದದ್ದಕ್ಕೆ. ಪಕ್ಕದಲ್ಲಿ ಕೂತವರಿಗೆಲ್ಲ ಅದು ನನ್ನ ಮಗಳು, ಅದು ನನ್ನ ಪ್ಯಾಡು ಎಂದು ಹೇಳಿ ಹೇಳಿ ಅವರ ತಲೆ ತಿಂದೆ.

ಮೇಡಂ ನಮ್ಮ ಹತ್ತಿರ ಬಂದರು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ದೇಶಕ್ಕಾಗಿ ಎಂಟು ವರ್ಷ ತಾವೇ ಗೋಲಿನಲ್ಲಿ ನಿಂತವರಂತೆ. ಸೈರಾಳ ಪ್ಯಾಡಿನ ಮೇಲೆ ಹೆಬ್ಬೆರಳು ಒತ್ತಿ, ಒಳಗೆ ಏನು ತುಂಬಿದೆ ಎಂದು ಹಿಂದಿಯಲ್ಲಿ ಕೇಳಿದರು. ನನಗೆ ಅಷ್ಟೇ ಸಾಕಿತ್ತು. ಬಿತ್ತಿದ ಹೊಲದಿಂದ ಹಿಡಿದು ಕೊನೆಯ ಟಾಕಿಯವರೆಗೆ ನಮ್ಮ ಹಿಂದಿಯಲ್ಲಿ ವರದಿ ಒಪ್ಪಿಸಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ, "ಅಮ್ಮಾ, ಹತ್ತಿ ನೀರಿನಲ್ಲಿ ನೆನೆದರೆ ಏನಾಗುತ್ತದೆ?" ಎಂದರು.

"ಗಾದಿ ಕಲ್ಲಾಗುತ್ತದೆ, ಹಾಳಾಗುತ್ತದೆ," ಎಂದೆ. "ನೀರು ತಾಗಿಸಬೇಡಿ ಎಂದು ನಾನು ಪ್ರತಿಯೊಬ್ಬ ಗಿರಾಕಿಗೂ ಹೇಳಿ ಕಳಿಸುತ್ತೇನೆ."

"ಮಂಜುಗಡ್ಡೆ ಎಂದರೆ ನೀರೇ ಅಲ್ಲವೇ?" ಎಂದರು ಮೇಡಂ. ನಗಲಿಲ್ಲ, ಅದು ಅವರ ದೊಡ್ಡತನ.

ಗೋಲ್‌ಕೀಪರ್ ಎಂದ ಮೇಲೆ ನಿಮಿಷಕ್ಕೊಮ್ಮೆ ಮೊಣಕಾಲೂರಿ ಆ ಗಡ್ಡೆಯ ಮೇಲೆಯೇ ಕೂರಬೇಕು. ತಿಂಗಳಿಡೀ ಐಸ್ ಹಾಕಿ ಐಸ್ ಹಾಕಿ ಎಂದು ಬಾಯಿ ಬಡಿದುಕೊಂಡವಳಿಗೆ ಅಷ್ಟೂ ತಲೆಗೆ ಹೋಗಿರಲಿಲ್ಲ. ನನ್ನ ಕಣ್ಣಿಗೆ ಅದು ಬಿಳಿ ಕಲ್ಲಿನ ಅಂಗಳದ ಹಾಗೆ ಇತ್ತು, ಅಷ್ಟೇ. ಮೂವತ್ತು ವರ್ಷ ಗಾದಿ ಹೊಲಿದವಳು ಮಾಡುವ ತಪ್ಪೇ ಇದು?

ಮೇಡಂ ಮುಂದುವರಿಸಿದರು. ದೊಡ್ಡ ಪಂದ್ಯಗಳಲ್ಲಿ ಇಂಥ ಪ್ಯಾಡಿಗೆ ಒಪ್ಪಿಗೆಯೂ ಇಲ್ಲ, ಕ್ಯಾಂಪಿನಲ್ಲಿ ಎಲ್ಲರಿಗೂ ಫೋಮಿನದೇ ಕೊಡುತ್ತಾರೆ. "ಆದರೆ ಇವತ್ತಿನ ಪರೀಕ್ಷೆಗೆ ಯಾವ ಪ್ಯಾಡು ಎಂದು ನಾನು ಮೊದಲು ಹೇಳಿರಲಿಲ್ಲ. ನಡುವೆ ನಿಯಮ ಬದಲಿಸುವುದಿಲ್ಲ. ಮಧ್ಯಾಹ್ನ ಇದನ್ನೇ ಕಟ್ಟಿಕೊಂಡರೂ ಸರಿ. ಬೇಕಿದ್ದರೆ ನನ್ನ ಹತ್ತಿರ ಇನ್ನೊಂದು ಜೊತೆ ಇದೆ," ಎಂದು ಫೋಮಿನ ಪ್ಯಾಡನ್ನು ಬೆಂಚಿನ ಮೇಲಿಟ್ಟು ಊಟಕ್ಕೆ ಹೋದರು.

ಸೈರಾ ಯೋಚನೆಯನ್ನೇ ಮಾಡಲಿಲ್ಲ. "ನಾ ನಮ್ಮದಽ ಕಟ್ಟಿಕೊಳ್ತೀನಿ. ಒಂದಽ ಗೋಲ್ ಬಿಟ್ಟೀನಿ, ಇನ್ನ ಮೂವತ್ತ ಹೊಡ್ತ ಅಷ್ಟಽ," ಎಂದಳು.

ಶಿವನಪ್ಪ ಮಾಸ್ತರೂ ಹೌದೆಂದರು. "ಮೊದ್ಲ ಆಯ್ಕೆ ಆಗ್ಲಿ. ಮುಂದಿಂದು ಮುಂದ ನೋಡೂಣು."

ಅವರಿಬ್ಬರೂ ರೊಟ್ಟಿ ಗಂಟು ಬಿಚ್ಚಿದಾಗ ನಾನು ಬೆಂಚಿನ ಮೇಲಿದ್ದ ಫೋಮಿನ ಪ್ಯಾಡನ್ನು ಕೈಯಲ್ಲಿ ಹಿಡಿದೆ. ಕೈಗೆ ಭಾರವೇ ಇಲ್ಲ. ಹಲಗೆಗೆ ಆನಿಸಿ ನಿಲ್ಲಿಸಿ, ಒಂದು ಬಿಲ್ಲೆ ತೆಗೆದುಕೊಂಡು ಬೀಸಿ ಎಸೆದೆ. ಅದು ಅಷ್ಟೇ ಜೋರಾಗಿ ತಿರುಗಿ ಬಂದು ನನ್ನ ಕಾಲಿಗೇ ಬಡಿಯಿತು. ಅಯ್ಯೋ ಎಂದೆ, ನೋವಿಗಲ್ಲ. ಮತ್ತೆ ಎಸೆದೆ. ಮತ್ತೆ ಬಂತು. ಹತ್ತಿ ನುಂಗುತ್ತದೆ, ಫೋಮು ಉಗುಳುತ್ತದೆ. ಕ್ಯಾಂಪಿನಲ್ಲಿ ಹೀಗೆ ಉಗುಳಿದ ಬಿಲ್ಲೆ ಎದುರಿನವಳ ಕೋಲಿಗೇ ಹೋಗಿ ಸಿಗುತ್ತದೆ, ಅವಳು ಮತ್ತೆ ಹೊಡೆಯುತ್ತಾಳೆ. ತಡೆದ ಮೇಲೆ ಬಿಲ್ಲೆ ಎಲ್ಲಿಗೆ ಹೋಗಬೇಕು ಎಂದು ನನ್ನ ಮಗಳು ಆರು ವರ್ಷದಲ್ಲಿ ಒಂದು ದಿನವೂ ಯೋಚಿಸಿದವಳಲ್ಲ. ಯೋಚಿಸುವ ಗರಜೇ ಬೀಳದಂತೆ ನಾನು ಹೊಲಿದುಕೊಟ್ಟಿದ್ದೆ. ಅವಳ ಅರ್ಧ ಆಟವನ್ನು ನಾನೇ ಆಡಿಬಿಟ್ಟಿದ್ದೆ. ಅದನ್ನೇ ಊರತುಂಬ ಹೇಳಿಕೊಂಡು ಮೆರೆದಿದ್ದೆ.

ಇವತ್ತು ನನ್ನ ಪ್ಯಾಡು ಕಟ್ಟಿಕೊಂಡರೆ ಅವಳು ಆಯ್ಕೆಯಾಗುವುದು ಖಂಡಿತ. ಲಡಾಖಿನಲ್ಲಿ ಒಂದು ವಾರ ನಿಲ್ಲುವುದಿಲ್ಲ ಎಂಬುದೂ ಅಷ್ಟೇ ಖಂಡಿತ. ಹೋದವಳು ಹೊಳ್ಳಿ ಬಂದರೆ, ತನ್ನ ಆಟವೇ ಸುಳ್ಳು ಎಂದುಕೊಂಡು ಮೂಲೆ ಹಿಡಿಯುತ್ತಾಳೆ. ನನ್ನ ಮಗಳು ನನಗೆ ಗೊತ್ತಿಲ್ಲವೇ? ಕಲಿಯುವುದಿದ್ದರೆ ಇಲ್ಲೇ ಕಲಿಯಲಿ, ಸೋಲುವುದಿದ್ದರೂ ಇಲ್ಲೇ ನನ್ನ ಕಣ್ಣೆದುರು ಸೋಲಲಿ ಎಂದುಕೊಂಡೆ.

ಸೈರಾಳನ್ನು ಕರೆದು ಫೋಮಿನ ಪ್ಯಾಡು ಕಟ್ಟಿ ನಿಲ್ಲಿಸಿದೆ. ಹತ್ತು ಹೆಜ್ಜೆ ದೂರದಿಂದ ನಾನೇ ಬಿಲ್ಲೆ ಎಸೆದೆ. "ನೋಡು, ಹೆಂಗ ಬರ್ತೈತಿ. ನೆಟ್ಟಗ ನಿಂತ್ರ ನೆಟ್ಟಗ ಬರ್ತೈತಿ. ಕಾಲ ಸ್ವಲ್ಪ ವಾರಿ ಮಾಡು, ಅಡ್ಡಕ್ಕ ಹೊಳ್ಳಿಸು. ಮೂಲಿಗೆ ಕಳಸು." ಅರ್ಧ ತಾಸು ಎಸೆದೆ. ರಟ್ಟೆ ಬಿದ್ದುಹೋಯಿತು. ಹತ್ತರಲ್ಲಿ ಮೂರು ಮೂಲೆಗೆ ಹೋದವು, ಏಳು ನನ್ನ ಕಡೆಗೇ ಬಂದವು.

"ಸಾಕವ್ವಾ," ಎಂದಳು ಸೈರಾ. "ಆರ ವರ್ಷದಾಗ ಕಲೀಲಾರದ್ದು ಅರ್ಧಾ ತಾಸಿನ್ಯಾಗ ಬರ್ತೈತೇನ? ಕ್ಯಾಂಪಿಗೆ ಹ್ವಾದ ಮ್ಯಾಲ ಕಲೀತೀನಿ. ಇವತ್ತ ನನ್ನ ಪ್ಯಾಡ ಕೊಡು."

"ಇವತ್ತ ಅದನ್ನ ಕಟ್ಟಿಕೊಂಡ್ರ ಅಲ್ಲಿ ಒಂದಿನ ತಡೀಯಂಗಿಲ್ಲ ನೀ."

"ನಿನಗೇನ ಗೊತ್ತೈತಿ ಆಟ? ನಿನಗ ಗಾದಿ ಗೊತ್ತೈತಿ."

"ಹೌದು, ಗಾದಿನಽ ಗೊತ್ತೈತಿ. ಅದಕ್ಕಽ ಹೇಳಾಕ ಹತ್ತೀನಿ."

ಅವಳು ಕೇಳಲಿಲ್ಲ. ಫೋಮಿನದನ್ನು ಬಿಚ್ಚಿ ಒಗೆದು, ನನ್ನ ಪ್ಯಾಡಿನ ಕಡೆ ಹೊರಟಳು. ನಾನು ಅವಳಿಗಿಂತ ಮೊದಲು ಹೋದೆ. ಹೊಲಿಗೆ ಬಿಚ್ಚಿದರೆ ಹಾಕಲಿಕ್ಕೆಂದು ಡಬ್ಬಣ, ದಾರ, ಕತ್ತರಿ ಯಾವಾಗಲೂ ನನ್ನ ಚೀಲದಲ್ಲಿ ಇರುತ್ತವೆ. ಕತ್ತರಿ ತೆಗೆದು ಒಂದು ಪ್ಯಾಡಿನ ತುದಿಯಿಂದ ಬುಡದವರೆಗೆ ಸೀಳಿದೆ. ಕೈ ಹಾಕಿ ಅರಳೆ ಎಳೆದು ನೆಲಕ್ಕೆ ಹಾಕಿದೆ. ಇನ್ನೊಂದನ್ನೂ ಹಾಗೇ ಮಾಡಿದೆ. ಅಷ್ಟು ಬಿಗಿಯಾಗಿ ತುಂಬಿದ್ದ ಹತ್ತಿ, ಎಳೆದ ಹಾಗೆಲ್ಲ ಉಬ್ಬಿ ಉಬ್ಬಿ ಬಂತು. ಸುತ್ತ ನಿಂತವರು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು.

"ಏನ ಮಾಡಿದ್ರಿ ಇದು, ಖಾತುನಬಿಯವರ?" ಎಂದು ಮಾಸ್ತರು ತಲೆಯ ಮೇಲೆ ಕೈ ಹೊತ್ತರು.

"ನಾ ಹೊಲಿದದ್ದು, ನಾ ಹರದೀನ್ರಿ. ನಿಮ್ಮದೇನ ಹೋತು?" ಎಂದೆ.

ಸೈರಾ ಅಳಲಿಲ್ಲ. ನನ್ನನ್ನು ಒಂದು ಸಲ ನೋಡಿ, ಫೋಮಿನ ಪ್ಯಾಡು ಎತ್ತಿಕೊಂಡು ಹೋದಳು. ಆ ನೋಟ ಶತ್ರುವಿಗೂ ಬೇಡ.

ಮಧ್ಯಾಹ್ನ ಕವಿತಾ ಮೊದಲು ನಿಂತಳು, ಮೂರು ಬಿಟ್ಟಳು. ಬೆಳಗಿನದೂ ಸೇರಿ ಏಳು. ಸೈರಾ ಕೊನೆಗೆ ನಿಂತಳು. ಮೊದಲನೆಯ ಹೊಡೆತ ಕಾಲಿಗೆ ಬಡಿದು ಎದುರಿನವಳಿಗೇ ಹೋಯಿತು, ಅವಳು ತಿರುಗಿ ಹೊಡೆದಳು, ಗೋಲು. ಎರಡನೆಯದನ್ನು ತಡೆದಳು. ಮೂರನೆಯದು ಗೋಲು. ನಾಲ್ಕನೆಯದೂ ಗೋಲು. ಅವಳು ಮುಖದ ಜಾಲರಿಯೊಳಗಿಂದ ನನ್ನ ಕಡೆ ತಿರುಗಿ ಏನೋ ಅಂದಳು, ಕೇಳಿಸಲಿಲ್ಲ. ಹತ್ತು ಮುಗಿಯುವಷ್ಟರಲ್ಲಿ ಐದು ಗೋಲು ಆಗಿತ್ತು.

ನನಗೆ ಹೆದರಿಕೆಯಾಯಿತು. ಇದು ನನಗೆ ಅಪರೂಪದ ಮಾತು. ಗಂಡ ದವಾಖಾನೆಯಲ್ಲಿದ್ದಾಗಲೂ ನಾನು ಹೀಗೆ ಹೆದರಿರಲಿಲ್ಲ. ಮಗಳ ಬಾಯಿಗೆ ಬಂದ ತುತ್ತನ್ನು ಕಸಿದುಕೊಂಡೆನೇ, ನನ್ನ ಲೆಕ್ಕವೇ ತಪ್ಪಿತೇ ಎಂದುಕೊಂಡೆ. ಎದ್ದು ಹೋಗಬೇಕೆನ್ನಿಸಿತು. ಆದರೆ ಹರಿದವಳು ನಾನು, ನೋಡಬೇಕಾದವಳೂ ನಾನೇ ಎಂದು ಹಲಗೆ ಹಿಡಿದುಕೊಂಡು ನಿಂತೆ.

ಹನ್ನೊಂದನೆಯ ಹೊಡೆತಕ್ಕೆ ಸೈರಾ ನಿಲ್ಲುವ ರೀತಿ ಬದಲಾಯಿತು. ಬಿಲ್ಲೆ ಬರುವ ಮೊದಲೇ ಮೂಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ಕಾಲು ಕೊಟ್ಟಳು. ಬಿಲ್ಲೆ ಹಲಗೆಗೆ ಹೋಗಿ ಬಡಿಯಿತು. ಮುಂದಿನದೂ ಹಾಗೆಯೇ. ನಡುವೆ ಒಂದು ಒಳಗೆ ಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಅವಳು ಈಗ ನನ್ನ ಕಡೆ ನೋಡುತ್ತಿರಲಿಲ್ಲ, ಯಾರ ಕಡೆಗೂ ನೋಡುತ್ತಿರಲಿಲ್ಲ. ಇಪ್ಪತ್ತರ ನಂತರ ಎಡಗಡೆಯಿಂದ ಬಂದದ್ದು ಎಡ ಮೂಲೆಗೆ, ಬಲಗಡೆಯಿಂದ ಬಂದದ್ದು ಬಲ ಮೂಲೆಗೆ. ಒಂದನ್ನಂತೂ ಬೇಕೆಂದೇ ಹಲಗೆಯಾಚೆ ಹಾರಿಸಿದಳು. ಹೊಡೆಯುವವರು ತಿರುಗಿ ಹೊಡೆಯಲು ಓಡಿ ಬಂದರೆ ಅಲ್ಲಿ ಬಿಲ್ಲೆಯೇ ಇರುತ್ತಿರಲಿಲ್ಲ. ಕೊನೆಯ ಹತ್ತರಲ್ಲಿ ಒಂದೂ ಹೋಗಲಿಲ್ಲ.

ಒಟ್ಟು ಏಳು. ಬೆಳಗಿನ ಒಂದು ಸೇರಿ ಎಂಟು. ಕವಿತಾಳದು ಏಳು. ಕೂಡಿಸಲು ಬರುವ ಯಾರಿಗಾದರೂ ಗೊತ್ತಾಗುತ್ತಿತ್ತು. ಸೈರಾ ಪ್ಯಾಡು ಬಿಚ್ಚಿ ಬೆಂಚಿನ ತುದಿಯಲ್ಲಿ ಕೂತಳು. ನಾನು ಇನ್ನೊಂದು ತುದಿಯಲ್ಲಿ ಕೂತೆ. ನಡುವೆ ನಾಲ್ಕು ಜನ ಕೂರುವಷ್ಟು ಜಾಗವಿತ್ತು.

ಮೇಡಂ ಎಲ್ಲರನ್ನೂ ಸೇರಿಸಿ, ಹೆಚ್ಚು ಎಳೆಯದೆ ಹೇಳಿದರು. "ಕ್ಯಾಂಪಿಗೆ ಸೈರಾಬಾನು. ಬದಲಿಗೆ ಯಾರಾದರೂ ಬೇಕಾದರೆ ಮೊದಲು ಕವಿತಾಳನ್ನು ಕರೆಯುತ್ತೇನೆ."

ಕವಿತಾಳ ತಂದೆಗೆ ಸಹಜವಾಗಿ ಸಿಟ್ಟು ಬಂತು. ತಮ್ಮ ಮಗಳು ಒಂದು ಗೋಲು ಕಡಿಮೆ ಬಿಟ್ಟಿದ್ದಾಳಲ್ಲ ಎಂದು ಕೇಳಿದರು. ಅವರ ಜಾಗದಲ್ಲಿದ್ದರೆ ನಾನು ಕುರ್ಚಿ ಎತ್ತುತ್ತಿದ್ದೆ. ಮೇಡಂ ತಮ್ಮ ಹಾಳೆಯನ್ನು ಅವರ ಕೈಗೇ ಕೊಟ್ಟರು.

"ನಿಮ್ಮ ಮಗಳು ಬೆಳಿಗ್ಗೆ ಹೇಗೆ ಆಡಿದಳೋ ಮಧ್ಯಾಹ್ನವೂ ಹಾಗೆ ಆಡಿದಳು, ಚೆನ್ನಾಗಿಯೇ ಆಡಿದಳು," ಎಂದರು. "ಈ ಹುಡುಗಿ ಜನ್ಮದಲ್ಲಿ ಕಟ್ಟಿರದ ಪ್ಯಾಡು ಕಟ್ಟಿಕೊಂಡು ಮೊದಲ ಹತ್ತರಲ್ಲಿ ಐದು ಬಿಟ್ಟಳು, ಆಮೇಲಿನ ಹತ್ತರಲ್ಲಿ ಎರಡು, ಕೊನೆಗೆ ಒಂದೂ ಇಲ್ಲ. ನನಗೆ ಎರಡು ತಿಂಗಳಲ್ಲಿ ಹೊಸ ನೆಲದ ಮೇಲೆ ನಿಲ್ಲುವುದನ್ನು ಕಲಿಯುವವಳು ಬೇಕು. ಇವಳು ನನ್ನ ಕಣ್ಣೆದುರಿಗೇ ಒಂದು ಗಂಟೆಯಲ್ಲಿ ಕಲಿತಳು."

ಅವರು ಹಾಳೆಯನ್ನು ಎರಡು ಸಲ ಓದಿ ತಿರುಗಿ ಕೊಟ್ಟರು. ಕವಿತಾ ಬಂದು ಸೈರಾಳ ಕೈ ಹಿಡಿದು, "ನಿಂದು ಕಡೀಕಿನ ಹತ್ತ ಭಾರಿ ಇದ್ದುವು," ಎಂದಳು. ಚಿನ್ನದಂಥ ಹುಡುಗಿ.

ನಾನು ಮೇಡಂ ಹತ್ತಿರ ಹೋಗಿ, ಹಳೆಯದನ್ನೇ ಕಟ್ಟಿಕೊಂಡಿದ್ದರೆ ಏನು ಮಾಡುತ್ತಿದ್ದಿರಿ ಎಂದು ನೇರವಾಗಿ ಕೇಳಿದೆ. ಕೇಳದಿದ್ದರೆ ನನಗೆ ಉಂಡದ್ದು ಅರಗುತ್ತಿರಲಿಲ್ಲ.

"ಆರಿಸುತ್ತಿದ್ದೆ," ಎಂದರು ಅವರು. "ಅಷ್ಟು ಚೆನ್ನಾಗಿ ತಡೆದವಳನ್ನು ಹೇಗೆ ಬಿಡುವುದು? ಹತ್ತನೆಯ ದಿನಕ್ಕೆ ವಾಪಸು ಕಳಿಸಬೇಕಾಗುತ್ತಿತ್ತು. ಹಾಗೆ ಕಳಿಸುವುದು ನನಗೂ ಕಷ್ಟ, ಅಮ್ಮಾ."

ಸಂಜೆಯ ಬಸ್ಸಿನಲ್ಲಿ ಜಾಗ ಸಿಕ್ಕಿತು. ಸೈರಾ ಕಿಟಕಿಯ ಹತ್ತಿರ ಕೂತಳು. ಊರು ದಾಟಿ ಎರೆ ಹೊಲಗಳು ಶುರುವಾದ ಮೇಲೆ ಅವಳು ಮುಖ ತಿರುಗಿಸದೆಯೇ ಕೇಳಿದಳು.

"ಅವ್ವಾ, ನನ್ನ ಆರಿಸದಿದ್ರ ಏನ ಮಾಡ್ತಿದ್ದಿ?"

"ನಾ ಏನ ಮಾಡ್ಲಿ? ನೀ ಮಾಡ್ತಿದ್ದಿ. ಜಲಮಪೂರ್ತಿ ನನ್ನ ಬೈತಿದ್ದಿ. ಅವ್ವ ನನ್ನ ಬಾಳೇ ಹಾಳ ಮಾಡಿದ್ಲು ಅಂತಿದ್ದಿ. ಅನ್ನಿಸಿಕೊಳ್ಳಾಕ ತಯಾರಾಗಿನಽ ಕತ್ತರಿ ಹಿಡದಿದ್ದೆ."

ಅವಳು ಈಗ ತಿರುಗಿದಳು. ಕಣ್ಣು ತುಂಬಿದ್ದವು. "ಬೈದಬಿಟ್ಟೀನವ್ವಾ ನಿನ್ನ. ಮೂರನೇ ಗೋಲಿಗೆ. ಭಾಳ ಕೆಟ್ಟ ಬೈದೀನಿ. ಬಾಯಾಗ ಬರಬಾರದ್ದು ಬಂತು."

"ಏನಂದಿ?"

"ಹೇಳಂಗಿಲ್ಲ."

"ಹೇಳಬ್ಯಾಡ," ಎಂದೆ. "ನನಗ ಬೈಕೋತ ಬೈಕೋತನಽ ನಿಂತಿ ನೀ. ಅಲ್ಲೂ ಹಂಗಽ ನಿಂದ್ರು."

ಅವಳು ನಗಲು ಹೋಗಿ ಅತ್ತಳು. ಸಣ್ಣವಳಿದ್ದಾಗ ಬಿಟ್ಟರೆ ನನ್ನೆದುರು ಅತ್ತವಳಲ್ಲ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾನು ಯಾರಿಗೂ ಏನೂ ಅನ್ನಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನೂ ಅಳುತ್ತಿದ್ದೆ.